ರಜೆ ಮೂವತ್ತು ದಿನ, ಎಲುಬಿಗೆ ಬೇಕು ಮೂರು ತಿಂಗಳು

ಜೂನ್ ತಿಂಗಳ ಒಂದು ಶುಕ್ರವಾರ, ಜುಮಾ ಮುಗಿದು ಊಟಕ್ಕೆ ಕೂರುವ ಹೊತ್ತಿಗೆ ದುಬೈಯಿಂದ ಮೈದುನನ ಫೋನ್ ಬಂತು. ಸಲಾಮ್ ಆಯಿತು, ಕ್ಷೇಮ ಸಮಾಚಾರ ಆಯಿತು. ಆಮೇಲೆ ವಿಷಯಕ್ಕೆ ಬಂದ.

"ಅತ್ತಿಗೆ, ಟಿಕೆಟ್ ಆಯಿತು. ಜುಲೈಯಲ್ಲಿ ಬರ್ತೇನೆ, ಇಪ್ಪತ್ತೆಂಟು ದಿನ ಇರ್ತೇನೆ. ಈ ಸಲ ಎರಡು ಹಲ್ಲು ಹಾಕಿಸಿಯೇ ಬರುವುದು. ಸ್ಕ್ರೂ ಹಾಕ್ತಾರಲ್ಲ, ಅದು. ಇಲ್ಲಿ ಕೇಳಿದರೆ ಒಂದಕ್ಕೆ ಐದು ಸಾವಿರ ದಿರ್ಹಮ್ ಅಂತಾರೆ. ನಿಮಗೆ ಗೊತ್ತಿರುವ ಡಾಕ್ಟರ್ ಹತ್ತಿರ ಒಮ್ಮೆ ಹೇಳಿಡಿ."

"ಹೋದ ಸಲದ ಹಲ್ಲು ಸರಿಯಾಯಿತಾ?" ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. "ಅದೊಂದು ಹಾಗೇ ಇದೆ" ಎಂದ.

ಕರಾವಳಿಯ ಎಷ್ಟು ಮನೆಗಳಲ್ಲಿ ಈ ಮಾತುಕತೆ ನಡೆದಿಲ್ಲ? ಕೊಲ್ಲಿಯಿಂದ ರಜೆಯಲ್ಲಿ ಬರುವವರ ಪಟ್ಟಿಯಲ್ಲಿ ಮದುವೆ, ಜಮೀನಿನ ಕಾಗದ, ಮಕ್ಕಳ ಶಾಲೆ ಇವುಗಳ ಜೊತೆಗೆ 'ಹಲ್ಲು' ಎಂಬುದೂ ಇದ್ದೇ ಇರುತ್ತದೆ. ಊರಿಗೆ ಬರುವುದನ್ನು ವಿದೇಶ ಪ್ರಯಾಣ ಎಂದು ನಾವು ಯಾರೂ ಕರೆಯುವುದಿಲ್ಲ. ಆದರೆ ಹಲ್ಲಿನ ಪಾಲಿಗೆ ಅದು ವಿದೇಶವೇ. ಹಲ್ಲು ಇರುವುದು, ಅಗಿಯುವುದು, ನೋಯುವುದು ಒಂದು ದೇಶದಲ್ಲಿ. ಅದಕ್ಕೆ ಕೈ ಹಾಕಿದ ವೈದ್ಯರು ಇನ್ನೊಂದು ದೇಶದಲ್ಲಿ.

ಇದು ನಮ್ಮವರ ಕಥೆ ಮಾತ್ರವಲ್ಲ. ಆಸ್ಟ್ರಿಯಾದವರು ಗಡಿ ದಾಟಿ ಹಂಗೆರಿಯ ಪಟ್ಟಣಗಳಿಗೆ ಹೋಗುತ್ತಾರೆ. ಅಮೇರಿಕದ ಕಡೆಯಿಂದ ನಡೆದುಕೊಂಡೇ ಗಡಿ ದಾಟಿ ಹೋಗಬಹುದಾದ ಮೆಕ್ಸಿಕೋದ ಲೋಸ್ ಅಲ್ಗೊಡೊನೆಸ್ ಎಂಬ ಪುಟ್ಟ ಊರಿನಲ್ಲಿ ದಂತವೈದ್ಯರೇ ನೂರಾರು ಮಂದಿ. ಆ ಊರಿಗೆ 'ದವಡೆ ಹಲ್ಲಿನ ನಗರ' ಎಂಬ ಅಡ್ಡಹೆಸರೇ ಬಿದ್ದಿದೆ. ಬ್ರಿಟನ್ನಿನವರು ಟರ್ಕಿಗೆ ಹೋಗಿ ಒಂದೇ ವಾರದಲ್ಲಿ ಬಾಯಿ ತುಂಬ ಬಿಳಿ ಹಲ್ಲು ಹಾಕಿಸಿಕೊಂಡು ಬರುತ್ತಾರೆ. ಬ್ರಿಟಿಷ್ ಡೆಂಟಲ್ ಅಸೋಸಿಯೇಷನ್ 2022ರಲ್ಲಿ ಸಾವಿರ ದಂತವೈದ್ಯರನ್ನು ವಿಚಾರಿಸಿದಾಗ, ಹೊರದೇಶದಲ್ಲಿ ಮಾಡಿಸಿಕೊಂಡು ಬಂದು ತೊಂದರೆಗೆ ಸಿಲುಕಿದವರಿಗೆ ತಾವು ಚಿಕಿತ್ಸೆ ಕೊಟ್ಟಿದ್ದೇವೆ ಎಂದು ಹೇಳಿದವರೇ ಬಹುಪಾಲು. ಕೇಳಿಬರುವ ಒಂದು ದೂರು: ಚಂದಕ್ಕಾಗಿ ಗಟ್ಟಿ ಹಲ್ಲುಗಳನ್ನು ಉಜ್ಜಿ ಗೂಟ ಮಾಡಿ ಅದರ ಮೇಲೆ ಕ್ಯಾಪ್ ಕೂರಿಸುವುದು. ಪೂರ್ತಿ ಕ್ಯಾಪ್ ಹಾಕಬೇಕಾದರೆ ಹಲ್ಲಿನ ಕಾಣುವ ಭಾಗದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತೆಗೆಯಬೇಕಾಗುತ್ತದೆ. ತೆಗೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ.

ನಮ್ಮ ಕಡೆ ಬರುವವರು ಚಂದಕ್ಕಾಗಿ ಬರುವುದು ಕಡಿಮೆ, ಅಗಿಯಲಿಕ್ಕಾಗಿ ಬರುವುದು ಹೆಚ್ಚು. ಮಂಗಳೂರು, ಉಡುಪಿಯಲ್ಲಿ ಒಳ್ಳೆಯ ವೈದ್ಯರಿಗೆ ಕೊರತೆಯೂ ಇಲ್ಲ. ಮಣಿಪಾಲದ ದಂತ ವೈದ್ಯಕೀಯ ಕಾಲೇಜು ಆರಂಭವಾದದ್ದು 1965ರಲ್ಲಿ. ಮಂಗಳೂರಿನದು 1987ರಲ್ಲಿ. ದೇರಳಕಟ್ಟೆಯಲ್ಲೇ ಒಂದಕ್ಕಿಂತ ಹೆಚ್ಚು ಕಾಲೇಜುಗಳಿವೆ. ಕಾಲೇಜಿನ ಆಸ್ಪತ್ರೆಗಳಲ್ಲಿ ಪ್ರಾಧ್ಯಾಪಕರ ಕಣ್ಗಾವಲಿನಲ್ಲಿ ವಿದ್ಯಾರ್ಥಿಗಳು ಮಾಡುವ ಕೆಲಸಕ್ಕೆ ಖರ್ಚು ಇನ್ನೂ ಕಡಿಮೆ. ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ. ಹಾಗಾಗಿ ಊರಿನಲ್ಲಿ ಮಾಡಿಸಬೇಡಿ ಎಂದು ನಾನು ಹೇಳುವುದಿಲ್ಲ. ನಾನೇ ಮಾಡಿಸಿಕೊಂಡವಳು. ಆದರೆ ಊರಿನಲ್ಲಿರುವ ನನಗೆ ನೋವಾದರೆ ರಿಕ್ಷಾ ಹತ್ತಿ ಮರುದಿನ ಬೆಳಿಗ್ಗೆ ಅದೇ ಕುರ್ಚಿಯಲ್ಲಿ ಕೂರಬಹುದು. ಮೈದುನನಿಗೆ ಅದು ಸಾಧ್ಯವಿಲ್ಲ. ಕಡಿಮೆ ದರದ ಒಳಗೆ ಅಡಗಿರುವ ವ್ಯತ್ಯಾಸ ಇದೇ.

ಹೋದ ಸಲ ಏನಾಯಿತೆಂದು ಹೇಳುತ್ತೇನೆ. ಮೇಲಿನ ದವಡೆಯ ದೊಡ್ಡ ಹಲ್ಲು ನೋಯುತ್ತಿತ್ತು. ಎಂಟು ತಿಂಗಳು ಅವನು ನೋವಿನ ಮಾತ್ರೆ ನುಂಗಿಕೊಂಡು, 'ಊರಿಗೆ ಹೋದಾಗ ತೋರಿಸುವಾ' ಎಂದು ದಿನ ದೂಡಿದ. ಊರಿಗೆ ಬಂದ ಮೇಲೆ ಮೊದಲ ವಾರ ನೆಂಟರು, ಎರಡನೆಯ ವಾರ ನಿಶ್ಚಿತಾರ್ಥ, ಮೂರನೆಯ ವಾರ ಆರ್‌ಟಿಓ ಕಚೇರಿ. ಹೊರಡಲು ಆರು ದಿನ ಇರುವಾಗ ಕ್ಲಿನಿಕ್ಕಿಗೆ ಹೋದ. ಕಿಸೆಯಲ್ಲಿದ್ದ ಟಿಕೆಟ್ ತೋರಿಸಿ "ಅಷ್ಟರೊಳಗೆ ಆಗಬೇಕು ಡಾಕ್ಟ್ರೇ" ಎಂದ. ಅವರು ರೂಟ್ ಕೆನಾಲ್ ಮಾಡಿ, ಅಳತೆ ತೆಗೆದು, ಹೊರಡುವ ದಿನ ಸಂಜೆ ಕ್ಯಾಪ್ ಅಂಟಿಸಿ ಕಳುಹಿಸಿದರು. ಅದೇ ರಾತ್ರಿ ವಿಮಾನ.

ಕ್ಯಾಪ್ ಕೂದಲೆಳೆಯಷ್ಟು ಎತ್ತರವಿತ್ತಂತೆ. ಮೂರನೆಯ ದಿನ ಅನ್ನ ಅಗಿಯಲಿಕ್ಕೂ ಆಗಲಿಲ್ಲ. ಅದನ್ನು ದುಬೈಯ ಒಂದು ಕ್ಲಿನಿಕ್ಕಿನಲ್ಲಿ ಉಜ್ಜಿಸಿಕೊಂಡ. ಎರಡು ತಿಂಗಳಲ್ಲಿ ನೋವು ಮತ್ತೆ ಬಂತು. ಎಕ್ಸ್‌ರೇ ತೆಗೆದ ಅಲ್ಲಿನ ವೈದ್ಯೆ, ಒಳಗೆ ಒಂದು ನಾಳ ಉಳಿದುಹೋಗಿರುವಂತೆ ಕಾಣುತ್ತದೆ ಎಂದರು. ಮೇಲಿನ ದವಡೆಯ ಮೊದಲ ದೊಡ್ಡ ಹಲ್ಲಿನಲ್ಲಿ ಮೂರರ ಜೊತೆಗೆ ನಾಲ್ಕನೆಯ ಸಣ್ಣ ನಾಳ ಇರುವುದು ಸಾಮಾನ್ಯ. ಅದನ್ನು ಹುಡುಕಲು ತಾಳ್ಮೆ ಬೇಕು, ಸಮಯ ಬೇಕು. ಕ್ಯಾಪ್ ಕೊರೆದು ಮತ್ತೆ ಮೊದಲಿನಿಂದ ಮಾಡಬೇಕು, ಬೇರೆಯವರು ಮಾಡಿದ ಕೆಲಸಕ್ಕೆ ನಾನು ಖಾತರಿ ಕೊಡಲಾರೆ ಎಂದರು. ಅದಕ್ಕೆ ಹೇಳಿದ ಮೊತ್ತ ಕೇಳಿ ಇವನು ಮತ್ತೆ ಮಾತ್ರೆಗೆ ಹಿಂದಿರುಗಿದ.

ಆ ಕ್ಲಿನಿಕ್ಕಿನ ತಪ್ಪು ಎಂದು ಅತ್ತೆ ಈಗಲೂ ಬೈಯುತ್ತಾರೆ. ನನಗೆ ಪೂರ್ತಿ ಹಾಗೆ ಅನ್ನಿಸುವುದಿಲ್ಲ. ಸಮಯ ಸಾಲದು ಎಂದು ಹೇಳಿ ಅವರು ಹಿಂದೆ ಕಳುಹಿಸಬಹುದಿತ್ತು, ನಿಜ. ಆದರೆ ಟಿಕೆಟ್ ಹಿಡಿದು ಎದುರಿಗೆ ನಿಂತದ್ದು ನಾವೇ ಅಲ್ಲವೇ? ರೂಟ್ ಕೆನಾಲ್ ಆದ ಮೇಲೆ ಕೆಲವು ದಿನ ಕಾದು, ನೋವು ಇಳಿದಿದೆ ಎಂದು ಖಚಿತಪಡಿಸಿಕೊಂಡು ಕ್ಯಾಪ್ ಹಾಕುವುದು, ಕ್ಯಾಪ್ ಹಾಕಿದ ಮೇಲೂ ಒಂದು ವಾರ ಊರಲ್ಲೇ ಇದ್ದು ಅಗಿದು ನೋಡುವುದು ಒಳ್ಳೆಯದು. ಅಂದರೆ ಬಂದ ಮೊದಲ ವಾರದಲ್ಲೇ ಕುರ್ಚಿಯಲ್ಲಿ ಕೂರಬೇಕು. ನೆಂಟರು ಕಾಯುತ್ತಾರೆ.

ಈಗ ಸ್ಕ್ರೂವಿನ ವಿಷಯ. ಇಂಪ್ಲಾಂಟ್ ಎಂದರೆ ಹಲ್ಲಿಲ್ಲದ ಜಾಗದಲ್ಲಿ ದವಡೆಯ ಎಲುಬಿಗೆ ಕೂರಿಸುವ ಟೈಟಾನಿಯಂ ಲೋಹದ ತಿರುಪು. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಮೊಲದ ಕಾಲಿನ ಎಲುಬಿನೊಳಗೆ ರಕ್ತಸಂಚಾರ ನೋಡಲು ಟೈಟಾನಿಯಂ ಉಪಕರಣ ಇಟ್ಟಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಅದು ಎಲುಬಿನ ಜೊತೆ ಬೆಸೆದುಕೊಂಡು ಬರಲೊಪ್ಪಲಿಲ್ಲ. ಅದೇ ಗುಣವನ್ನು ಹಿಡಿದು 1965ರಲ್ಲಿ ಮೊದಲ ಬಾರಿಗೆ ಒಬ್ಬ ಮನುಷ್ಯನ ದವಡೆಗೆ ಅಳವಡಿಸಿದರು. ಬಹಳ ಒಳ್ಳೆಯ ಚಿಕಿತ್ಸೆ. ಸರಿಯಾದ ರೋಗಿಗೆ ಸರಿಯಾಗಿ ಹಾಕಿದರೆ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತವೆ.

ಆದರೆ ಆ ಬೆಸುಗೆಗೆ ಸಮಯ ಬೇಕು. ಕೆಳದವಡೆಗೆ ಸಾಮಾನ್ಯವಾಗಿ ಮೂರು ತಿಂಗಳು, ಮೇಲಿನ ದವಡೆಯ ಎಲುಬು ಮೆದುವಾದ್ದರಿಂದ ಇನ್ನೂ ಹೆಚ್ಚು, ಆರು ತಿಂಗಳವರೆಗೂ ಹೋಗಬಹುದು. ಆ ಮೇಲೆಯೇ ತಿರುಪಿನ ಮೇಲೆ ಹಲ್ಲು. ಹಲ್ಲು ಕೀಳಿಸಿಯೇ ಇಲ್ಲದಿದ್ದರೆ ಗಾಯ ತುಂಬಲು ಇನ್ನಷ್ಟು ತಿಂಗಳು ಸೇರಿಸಿಕೊಳ್ಳಿ. ಒಂದೇ ದಿನದಲ್ಲಿ ಹಲ್ಲು ಕೊಡುವ ವಿಧಾನವೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅದು ಎಲುಬು ಗಟ್ಟಿಯಿರುವ ಕೆಲವರಿಗೆ ಮಾತ್ರ. ಯಾರಿಗೆ ಎಂಬುದನ್ನು ಸ್ಕ್ಯಾನ್ ನೋಡಿ ಹೇಳಬೇಕು, ಜಾಹೀರಾತು ನೋಡಿ ಅಲ್ಲ.

ಈ ಕಡೆ ಯುಎಇಯ ಕಾನೂನಿನಂತೆ ವರ್ಷ ತುಂಬಿದ ನೌಕರನಿಗೆ ರಜೆ ವರ್ಷಕ್ಕೆ 30 ದಿನ. ಸೌದಿಯಲ್ಲಿ 21 ದಿನ, ಐದು ವರ್ಷ ತುಂಬಿದ ಮೇಲೆ 30. ಎಲುಬಿಗೆ ಕಂಪೆನಿಯ ನಿಯಮ ಗೊತ್ತಿಲ್ಲ.

ಹಾಗಾಗಿ ಎರಡು ಸಲ ಬರಬೇಕು. ಲೆಕ್ಕ ತಪ್ಪುವುದು ಇಲ್ಲಿಯೇ. ನಾನು, ನನ್ನ ಯಜಮಾನರು ಕುಳಿತು ಒಂದು ಹಳೆಯ ಡೈರಿಯಲ್ಲಿ ಬರೆದು ನೋಡಿದೆವು. ಇದು ನಮ್ಮ ಮನೆಯ ಲೆಕ್ಕ, ನಿಮ್ಮದು ಬೇರೆ ಇರಬಹುದು. ದುಬೈಯಲ್ಲಿ ಎರಡಕ್ಕೆ 10,000 ದಿರ್ಹಮ್. ದಿರ್ಹಮಿಗೆ 23 ರೂಪಾಯಿ ಹಿಡಿದರೆ 2,30,000. ಮಂಗಳೂರಿನಲ್ಲಿ ನಾವು ವಿಚಾರಿಸಿದ ಕಡೆ ಕ್ಯಾಪ್ ಸೇರಿ ಒಂದಕ್ಕೆ 35,000, ಎರಡಕ್ಕೆ 70,000. ಉಳಿತಾಯ 1,60,000 ರೂಪಾಯಿ. ಮೈದುನ ಫೋನಿನಲ್ಲಿ ನಿಲ್ಲಿಸಿದ್ದು ಇಲ್ಲಿಗೆ.

ಮೊದಲ ಪ್ರಯಾಣದ ಟಿಕೆಟನ್ನು ನಾವು ಲೆಕ್ಕಕ್ಕೆ ಹಿಡಿಯಲಿಲ್ಲ, ಹಲ್ಲಿಲ್ಲದಿದ್ದರೂ ಅವನು ಬರುವವನೇ. ಎರಡನೆಯದು ಹಲ್ಲಿಗಾಗಿಯೇ ಬರುವುದು. ಸೀಸನ್ ಇಲ್ಲದಾಗ ಹೋಗಿ ಬರಲು 25,000. ರಜೆ ಮುಗಿದಿರುವುದರಿಂದ ಹತ್ತು ದಿನದ ಸಂಬಳ ಇಲ್ಲ. ಅವನ 4,500 ದಿರ್ಹಮ್ ಸಂಬಳದಲ್ಲಿ 1,500 ಹೋದರೆ 34,500 ರೂಪಾಯಿ. ಇನ್ನು ಕೊಲ್ಲಿಯಿಂದ ಬರುವವನು ಕೈಬೀಸಿಕೊಂಡು ಬರುವ ಹಾಗಿಲ್ಲವಷ್ಟೆ. ಹಲ್ಲು ಹಾಕಿಸಲು ಬಂದೆ ಎಂದರೆ ಅಕ್ಕಂದಿರ ಮಕ್ಕಳು ಕೇಳುತ್ತಾರೆಯೇ? ಚಾಕಲೇಟು, ಅತ್ತರು, ಬಟ್ಟೆ ಎಂದು 15,000. ಒಟ್ಟು 74,500. ಉಳಿದದ್ದು 85,500 ರೂಪಾಯಿ. ಪರವಾಗಿಲ್ಲ, ಈಗಲೂ ಲಾಭವೇ.

ಆದರೆ ಹಾಕಿಸಬೇಕಾದದ್ದು ಒಂದೇ ಹಲ್ಲಾದರೆ? ಉಳಿತಾಯ 80,000, ಖರ್ಚು ಅದೇ 74,500. ಐದೂವರೆ ಸಾವಿರ ರೂಪಾಯಿಗಾಗಿ ಸಮುದ್ರ ದಾಟಿ ಬಂದು ಹೋದಂತಾಯಿತು. ಏನಾದರೂ ಹೆಚ್ಚುಕಡಿಮೆಯಾಗಿ ಮೂರನೆಯ ಸಲ ಬರಬೇಕಾದರೆ ಕೈಯಿಂದಲೇ ಹೋಯಿತು. ಈ ಲೆಕ್ಕ ನೋಡಿದ ಮೇಲೆ ನನ್ನ ಯಜಮಾನರು ತಮ್ಮನಿಗೆ ಫೋನ್ ಮಾಡಿ, "ಮೊದಲು ಅಲ್ಲಿಯೇ ಒಂದು ಪೂರ್ತಿ ಬಾಯಿಯ ಎಕ್ಸ್‌ರೇ ತೆಗೆಸಿ ವಾಟ್ಸಾಪ್ ಮಾಡು" ಎಂದರು. ಒಪಿಜಿ ಎನ್ನುತ್ತಾರೆ ಅದಕ್ಕೆ, ಒಂದೇ ಚಿತ್ರದಲ್ಲಿ ಎಲ್ಲ ಹಲ್ಲೂ ಬರುತ್ತದೆ. ಜೊತೆಗೆ, ಕಂಪೆನಿಯ ವಿಮೆಯಲ್ಲಿ ಹಲ್ಲಿಗೆ ಎಷ್ಟು ಸಿಗುತ್ತದೆ ಎಂದು ಕೇಳಿ ನೋಡು ಎಂದೂ ಹೇಳಿದರು. ಆರು ವರ್ಷದಿಂದ ಆ ಕಾರ್ಡು ಪರ್ಸಿನಲ್ಲಿದೆ, ಅವನು ಒಮ್ಮೆಯೂ ಕೇಳಿರಲಿಲ್ಲ. ವರ್ಷಕ್ಕೊಮ್ಮೆ ಹಲ್ಲು ಶುಚಿಗೊಳಿಸಲು, ಹುಳುಕು ತುಂಬಿಸಲು ಒಂದಷ್ಟು ಮೊತ್ತ ಅದರಲ್ಲಿತ್ತು! ಎಲ್ಲರ ಕಾರ್ಡಿನಲ್ಲಿ ಇರುವುದಿಲ್ಲ, ಆದರೆ ಕೇಳಲು ಖರ್ಚಿಲ್ಲ.

ಇದನ್ನು ಸ್ವಲ್ಪ ಒತ್ತಿ ಹೇಳಬೇಕು. ಹುಳುಕು ತುಂಬಿಸುವುದು, ಶುಚಿಗೊಳಿಸುವುದು ಇವನ್ನು ಊರಿಗೆಂದು ಕೂಡಿಡಬೇಡಿ. ಇಂದು ತುಂಬಿಸಿದರೆ ಮುಗಿಯುವ ತೂತು ಹತ್ತು ತಿಂಗಳಲ್ಲಿ ರೂಟ್ ಕೆನಾಲ್ ಆಗುತ್ತದೆ, ಮುಂದಿನ ರಜೆಗೆ ಕೀಳುವ ಹಲ್ಲಾಗುತ್ತದೆ. ಕೆಳದವಡೆಯ ಎರಡು ಹಲ್ಲನ್ನು ಮೈದುನ ಕಳೆದುಕೊಂಡದ್ದು ಹೀಗೆಯೇ. ಆ ತಿಂಗಳುಗಳಲ್ಲಿ ನುಂಗಿದ ನೋವಿನ ಮಾತ್ರೆಗಳ ಪರಿಣಾಮ ಹೊಟ್ಟೆಯ ಮೇಲೆ, ಮೂತ್ರಪಿಂಡದ ಮೇಲೆ ಎಷ್ಟೆಂದು ಯಾವ ಡೈರಿಯಲ್ಲೂ ಬರೆಯಲಾಗುವುದಿಲ್ಲ. ಕೆನ್ನೆ ಅಥವಾ ಗಲ್ಲದ ಕೆಳಗೆ ಬಾವು ಬಂದು, ಜ್ವರ ಬಂದು, ಬಾಯಿ ತೆರೆಯಲು ಅಥವಾ ಉಗುಳು ನುಂಗಲು ಕಷ್ಟವಾದರಂತೂ ಅದು ಹಲ್ಲುನೋವಲ್ಲ, ಪ್ರಾಣಕ್ಕೆ ಬರುವ ಸೋಂಕು. ಆಗ ವಿಮಾನದ ದರ ನೋಡುತ್ತಾ ಕೂರಬಾರದು. ಅಲ್ಲಿಯೇ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು. ನಿಮ್ಮ ಗಂಡನೋ ಮಗನೋ ರೂಮಿನಲ್ಲಿ ಒಬ್ಬನೇ ಇರುವವನಾದರೆ ಈ ಮಾತನ್ನು ಅವನಿಗೆ ಓದಿ ಹೇಳಿ.

ಜುಲೈ ಮೊದಲ ವಾರ ಮೈದುನ ಬಂದ. ನಮ್ಮ ಒತ್ತಾಯಕ್ಕೆ ಎರಡನೆಯ ದಿನವೇ ಕ್ಲಿನಿಕ್ಕಿಗೆ ಹೊರಟೆವು. ಈ ಸಲ ಬೇರೆ ವೈದ್ಯರು. ಗೋಡೆಯ ಮೇಲೆ ರಾಜ್ಯ ಡೆಂಟಲ್ ಕೌನ್ಸಿಲಿನ ನೋಂದಣಿ ಪತ್ರ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ಪ್ರಮಾಣಪತ್ರ ಎರಡೂ ಇದ್ದವು. ನಾನು ನಾಚಿಕೆ ಬಿಟ್ಟು ಉಪಕರಣಗಳನ್ನು ಹೇಗೆ ಶುಚಿಗೊಳಿಸುತ್ತೀರಿ ಎಂದು ಕೇಳಿದೆ. ಆ ಹುಡುಗಿ ಬೇಸರಿಸದೆ ಮುಚ್ಚಿದ ಲಕೋಟೆಯೊಂದನ್ನು ತೋರಿಸಿ, ಆಟೋಕ್ಲೇವಿನ ಬಿಸಿ ಹಬೆ ತಗಲಿದಾಗ ಬಣ್ಣ ಬದಲಾಗುವ ಗುರುತನ್ನು ತೋರಿಸಿದಳು. ಹೆಪಟೈಟಿಸ್ ಬಿ, ಸಿ ಎರಡೂ ರಕ್ತ ತಗಲಿದ ಉಪಕರಣದಿಂದ ಹರಡಬಲ್ಲವು. ಹಾಗಾಗಿ ಲಕೋಟೆಯನ್ನು ನಮ್ಮೆದುರೇ ಹರಿಯಿರಿ ಎಂದು ಕೇಳುವುದರಲ್ಲಿ ಅಮರ್ಯಾದೆ ಇಲ್ಲ.

ವೈದ್ಯರು ಚಿತ್ರ ನೋಡಿ ಅರ್ಧ ಲೆಕ್ಕವನ್ನೇ ತಲೆಕೆಳಗು ಮಾಡಿದರು. ಎಡಗಡೆ ಖಾಲಿ ಜಾಗದ ಹಿಂದಿನ, ಮುಂದಿನ ಎರಡೂ ಹಲ್ಲುಗಳಿಗೆ ಮೊದಲೇ ದೊಡ್ಡ ತುಂಬುವಿಕೆ ಆಗಿತ್ತು. ಹೇಗೂ ಅವಕ್ಕೆ ಕ್ಯಾಪ್ ಬೇಕಾಗುತ್ತದೆ, ಆದ್ದರಿಂದ ಅಲ್ಲಿ ಸ್ಕ್ರೂ ಬೇಡ, ಎರಡನ್ನೂ ಆಧಾರವಾಗಿ ಹಿಡಿದು ಮೂರು ಹಲ್ಲಿನ ಬ್ರಿಜ್ ಹಾಕೋಣ, ಹತ್ತು ದಿನದಲ್ಲಿ ಆಗುತ್ತದೆ ಎಂದರು. ಬಲಗಡೆ ಮಾತ್ರ ಅಕ್ಕಪಕ್ಕದ ಹಲ್ಲು ಒಳ್ಳೆಯದಿತ್ತು. ಒಳ್ಳೆಯ ಹಲ್ಲನ್ನು ಬ್ರಿಜ್‌ಗಾಗಿ ಉಜ್ಜುವುದು ನನಗೆ ಮನಸ್ಸಿಲ್ಲ, ಅಲ್ಲಿಗೆ ಇಂಪ್ಲಾಂಟೇ ಸರಿ ಎಂದರು. ಆಮೇಲೆ ಕೇಳಿದರು, "ಸಕ್ಕರೆ ಇದೆಯಾ?"

"ಸ್ವಲ್ಪ ಇದೆ" ಎಂದ ಮೈದುನ. ನಮ್ಮ ಗಂಡಸರಿಗೆ ಸಕ್ಕರೆ ಯಾವಾಗಲೂ ಸ್ವಲ್ಪವೇ.

ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ ಎಂದರು. ಮರುದಿನ ಬಂತು: 8.9. ಜೊತೆಗೆ ವಸಡಿನಲ್ಲಿ ರಕ್ತ, ದಿನಕ್ಕೆ ಐದಾರು ಸಿಗರೇಟು. ಹತೋಟಿಯಲ್ಲಿಲ್ಲದ ಸಕ್ಕರೆ, ಸಿಗರೇಟು ಎರಡೂ ಸ್ಕ್ರೂ ಬೆಸೆಯುವುದಕ್ಕೆ ಅಡ್ಡಿ. "ಈಗ ಹಾಕಿದರೆ ಹಣ ನನಗೆ ಬರುತ್ತದೆ, ಸ್ಕ್ರೂ ನಿಮ್ಮ ಕೈಗೆ ಬರಬಹುದು" ಎಂದು ನಕ್ಕರು. ಮೈದುನನ ಮುಖ ಸಣ್ಣದಾಯಿತು. ಹೊರಗೆ ಬಂದು, "ಬೇರೆ ಕಡೆ ಹೋಗೋಣ ಅತ್ತಿಗೆ, ಹಾಕುವವರು ಸಿಗ್ತಾರೆ" ಎಂದ. ಸಿಗುತ್ತಾರೆ, ಅದರಲ್ಲಿ ಸಂಶಯವಿಲ್ಲ. ನಾನು ಅವನನ್ನು ಜ್ಯೂಸ್ ಅಂಗಡಿಗೆ ಕರೆದುಕೊಂಡು ಹೋಗಿ, ಸಕ್ಕರೆ ಹಾಕದ ಲಿಂಬೆ ಶರಬತ್ತು ಕೊಡಿಸಿದೆ.

ಆ ಇಪ್ಪತ್ತೆಂಟು ದಿನಗಳಲ್ಲಿ ಆದದ್ದು ಇಷ್ಟು: ವಸಡಿನ ಚಿಕಿತ್ಸೆ, ಎಡಗಡೆಯ ಬ್ರಿಜ್, ಹೋದ ಸಲದ ಹಲ್ಲಿನ ಕ್ಯಾಪ್ ತೆಗೆದು ಉಳಿದ ನಾಳವನ್ನು ಹುಡುಕಿ ಮತ್ತೆ ರೂಟ್ ಕೆನಾಲ್. ಬ್ರಿಜ್ ಮೊದಲ ಎರಡು ದಿನ ಎತ್ತರವೆನಿಸಿತು, ಹೋಗಿ ಸರಿಮಾಡಿಸಿಕೊಂಡ. ಊರಲ್ಲೇ ಇದ್ದುದರಿಂದ ಅದು ಐದು ನಿಮಿಷದ ಕೆಲಸವಾಯಿತು. ಹೊರಡುವಾಗ ಎಕ್ಸ್‌ರೇಗಳ ಪ್ರತಿ, ಏನೇನು ಮಾಡಿದೆ ಎಂಬ ಬರಹ, ಹೆಸರು ಹಾಕಿದ ಬಿಲ್ಲು ಎಲ್ಲವನ್ನೂ ಕೇಳಿ ಪಡೆದೆವು. ಅಲ್ಲಿ ತೊಂದರೆಯಾದರೆ ಮುಂದಿನ ವೈದ್ಯರು ಕತ್ತಲಲ್ಲಿ ತಡಕಬೇಕಾಗಿಲ್ಲ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ದೂರು ಕೊಡಲು ಎರಡು ವರ್ಷದ ಅವಧಿ ಇದೆ. ಆದರೆ ಬಿಲ್ಲೇ ಇಲ್ಲದವನು ದುಬೈಯಲ್ಲಿ ಕೂತು ಏನು ದೂರು ಕೊಟ್ಟಾನು? ಹೋದ ಸಲದ ಕ್ಲಿನಿಕ್ಕಿನಿಂದ ಇವನ ಬಳಿ ಇದ್ದದ್ದು ಅಪಾಯಿಂಟ್‌ಮೆಂಟ್ ಬರೆದ ಒಂದು ಚೀಟಿ ಮಾತ್ರ.

ಇಂಪ್ಲಾಂಟ್ ಹಾಕಿಸಿದವರು ಇನ್ನೊಂದನ್ನು ಮರೆಯದೆ ಕೇಳಿ ಪಡೆಯಬೇಕು. ತಿರುಪು ಬರುವ ಡಬ್ಬಿಯ ಮೇಲೆ ಕಂಪೆನಿಯ ಹೆಸರು, ಉದ್ದ, ದಪ್ಪ, ಬ್ಯಾಚ್ ಸಂಖ್ಯೆ ಇರುವ ಸ್ಟಿಕ್ಕರ್ ಇರುತ್ತದೆ. ಅದನ್ನು ಒಂದು ಕಾರ್ಡಿಗೆ ಅಂಟಿಸಿ ಕೊಡುತ್ತಾರೆ. ಕಂಪೆನಿಯಿಂದ ಕಂಪೆನಿಗೆ ಬಿಡಿಭಾಗ, ಬಿಚ್ಚುವ ಸಲಕರಣೆ ಬೇರೆ. ಹತ್ತು ವರ್ಷದ ಮೇಲೆ ಬೇರೆ ಊರಿನಲ್ಲಿ ಮೇಲಿನ ಹಲ್ಲು ಸಡಿಲವಾದರೆ, ಆ ಕಾರ್ಡಿಲ್ಲದೆ ಒಳಗಿರುವುದು ಯಾವುದೆಂದು ಕಂಡುಹಿಡಿಯುವುದೇ ದೊಡ್ಡ ಕೆಲಸ. ಪಾಸ್‌ಪೋರ್ಟ್ ಜೊತೆಗಿಡಿ.

ಹಲ್ಲು ಕೀಳಿಸಿದ ಮರುದಿನವೇ ವಿಮಾನ ಹತ್ತುವುದೂ ಬೇಡ. ಗಾಯದ ಹೆಪ್ಪು ಕಳಚಿ ತೀವ್ರ ನೋವು ಶುರುವಾಗುವುದು ಹೆಚ್ಚಾಗಿ ಎರಡರಿಂದ ನಾಲ್ಕನೆಯ ದಿನದೊಳಗೆ. ಸಿಗರೇಟು ಸೇದುವವರಿಗೆ ಆ ಅಪಾಯ ಹೆಚ್ಚು. ಮೇಲಿನ ದವಡೆಯಲ್ಲಿ ಸೈನಸ್ ಎತ್ತುವ ಶಸ್ತ್ರಕ್ರಿಯೆ ಆಗಿದ್ದರೆ ಎಷ್ಟು ವಾರ ಹಾರಬಾರದೆಂದು ವೈದ್ಯರನ್ನು ಕೇಳಿಯೇ ಟಿಕೆಟ್ ಮಾಡಬೇಕು. ಮಗ ದುಡ್ಡು ಕಳುಹಿಸುತ್ತಾನೆಂದು ಅಲ್ಲಿಂದ ಬರುವ ತಾಯಂದಿರಿಗೂ ಒಂದು ಮಾತು: ಎಲುಬು ಸವೆತಕ್ಕೆ ವಾರಕ್ಕೊಂದು ಮಾತ್ರೆಯೋ ಸೂಜಿಯೋ ತೆಗೆದುಕೊಳ್ಳುತ್ತಿದ್ದರೆ, ರಕ್ತ ತೆಳುವಾಗುವ ಮಾತ್ರೆ ಇದ್ದರೆ, ಹಲ್ಲು ಕೀಳುವ ಮೊದಲೇ ಅದನ್ನು ಹೇಳಬೇಕು. ಕೆಲವು ಎಲುಬಿನ ಮದ್ದುಗಳು ದವಡೆಯ ಗಾಯವನ್ನು ಮಾಯಲು ಬಿಡುವುದಿಲ್ಲ.

ಬಲಗಡೆಯ ಸ್ಕ್ರೂ ಬಾಕಿ ಉಳಿದಿದೆ. ಡಿಸೆಂಬರಿನಲ್ಲಿ ನಾದಿನಿಯ ಮಗಳ ಮದುವೆ, ಅದಕ್ಕಾಗಿ ಮೈದುನ ಹನ್ನೆರಡು ದಿನಕ್ಕೆ ಬರುವವನಿದ್ದಾನೆ. ಆ ಟಿಕೆಟ್ ಮದುವೆಯ ಲೆಕ್ಕಕ್ಕೆ, ಹಲ್ಲಿನ ಲೆಕ್ಕಕ್ಕಲ್ಲ. ಹಾಗಾಗಿ ಒಂದೇ ಹಲ್ಲಾದರೂ ಊರಿನಲ್ಲಿ ಮಾಡಿಸುವುದು ಈಗ ಲಾಭವೇ. ನವೆಂಬರಿನಲ್ಲಿ ಅಲ್ಲಿಯೇ ಎಚ್‌ಬಿಎ1ಸಿ ಮಾಡಿಸಿ ವೈದ್ಯರಿಗೆ ಕಳುಹಿಸಬೇಕು, ಏಳರ ಹತ್ತಿರ ಬಂದರೆ ಬಂದ ಮರುದಿನವೇ ಹಾಕುವುದು, ಕ್ಯಾಪ್ ಅದರ ಮುಂದಿನ ರಜೆಯಲ್ಲಿ ಎಂದು ಮಾತಾಗಿದೆ. ಬರದಿದ್ದರೆ ಇನ್ನೂ ಕಾಯುವುದು. ಮದುವೆಯ ಬಿರಿಯಾನಿಯನ್ನು ಒಂದೇ ಬದಿಯಲ್ಲಿ ಅಗಿಯಬೇಕಲ್ಲ ಎಂದು ಅತ್ತೆಗೆ ಬೇಸರ.

ಮೊನ್ನೆ ಫೋನ್ ಮಾಡಿದಾಗ, ಬೆಳಿಗ್ಗೆಯ ಸಕ್ಕರೆ 138 ಎಂದ. ಸಿಗರೇಟು ಎಷ್ಟೆಂದು ಕೇಳಿದೆ. "ಸ್ವಲ್ಪ" ಎಂದ.